ಅಮೆರಿಕನ್ ಫುಟ್‌ಬಾಲ್‌ನಲ್ಲಿ ಜೆರ್ರಿ ರೈಸ್ ಅವರನ್ನು ಅಷ್ಟೊಂದು ದೊಡ್ಡ ಆಟಗಾರ ಅನ್ನುವುದು ಯಾಕೆ?

ಮೊದಲು ಅವರ ಕೆಲಸ ಏನು ಅಂತ ನೋಡೋಣ. ತಂಡದ ದಾಳಿ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವನೇ ವೈಡ್ ರಿಸೀವರ್. ಆ ಜಾಗದಲ್ಲಿ ರೈಸ್‌ಗೆ ಸಮ ಇನ್ನೊಬ್ಬರಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅವರು ಹುಟ್ಟಿದ್ದು 1962ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ಅಪ್ಪ ಗಾರೆ ಕೆಲಸದವರು. ರಜೆಯಲ್ಲಿ ಹುಡುಗನೂ ಜೊತೆಗೆ ಹೋಗುತ್ತಿದ್ದ. ಅಣ್ಣತಮ್ಮಂದಿರು ಕೆಳಗಿಂದ ಎಸೆದ ಇಟ್ಟಿಗೆಗಳನ್ನು ಮೇಲೆ ನಿಂತು ಹಿಡಿಯುತ್ತಿದ್ದ. ಆ ಕೈಗಳು ಪಳಗಿದ್ದು ಅಲ್ಲೇ!

ಓದಿದ್ದು ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ. ಓಟದಲ್ಲಿ ಅಂಥ ವೇಗ ಇಲ್ಲ ಅಂತ ಅನುಮಾನಪಟ್ಟವರೂ ಇದ್ದರು. ಆದರೂ 1985ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ 16ನೆಯವರಾಗಿ ಆರಿಸಿಕೊಂಡಿತು. ಆಮೇಲೆ ನಡೆದದ್ದೆಲ್ಲ ಬೆವರಿನ ಫಲ. ಸೀಸನ್ ಇಲ್ಲದಾಗಲೂ ಕಡಿದಾದ ಗುಡ್ಡ ಹತ್ತಿ ಓಡುತ್ತಿದ್ದರು. ಜೊತೆಗೆ ಬಂದ ಆಟಗಾರರೇ ಸುಸ್ತಾಗುತ್ತಿದ್ದರು. 1987ರಲ್ಲಿ ಬರೀ 12 ಪಂದ್ಯಗಳಲ್ಲಿ 22 ಟಚ್‌ಡೌನ್ ಕ್ಯಾಚ್, ಅಂದರೆ ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ತಂದ ಕ್ಯಾಚ್! ಈ ತಂಡದ ಜೊತೆ ಮೂರು ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. 1997ರಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟು ಬಿತ್ತು. ಆದರೂ ವಾಪಸ್ ಬಂದರು. ಮುಂದೆ ರೈಡರ್ಸ್, ಸೀಹಾಕ್ಸ್ ತಂಡಗಳಲ್ಲೂ ಆಡಿದರು. ಅಂದರೆ 40 ದಾಟಿದ ಮೇಲೂ ಮೈದಾನದಲ್ಲಿದ್ದರು, ಇದೇನು ಸಣ್ಣ ಮಾತಲ್ಲ ಅಲ್ವಾ?

ಒಟ್ಟು 1,549 ಕ್ಯಾಚ್, ಅವುಗಳಿಂದ ಮುಂದೆ ಸಾಗಿದ ದೂರ 22,895 ಗಜ. ಸುಮಾರು 21 ಕಿಲೋಮೀಟರ್ ಆಯಿತು. ಎರಡನೇ ಸ್ಥಾನದ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492 ಗಜಕ್ಕೆ ನಿಂತರು. 2010ರಲ್ಲಿ ರೈಸ್ ಈ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರು.