ಎಳೆದು ಬಿಗಿದ ರಬ್ಬರ್ ಹಾಳೆಯ ಬಿಗುವು ಲೆಕ್ಕಕ್ಕೆ ತಾಳೆಯಾಗದಿರುವ ಬಗ್ಗೆ

ಬೆಳಗಾವಿಯ ಉದ್ಯಮಬಾಗದ ನಿಮ್ಮ ಘಟಕದಲ್ಲಿ ಶೇ. 30ರಷ್ಟು ಎಳೆದು ಫ್ರೇಮಿಗೆ ಬಿಗಿದ ಹಾಳೆ ಉದ್ದಕ್ಕೊಂದು, ಅಡ್ಡಕ್ಕೊಂದು ಬಿಗುವು ತೋರಿಸುತ್ತಿರುವುದಕ್ಕೆ ಮಾಲು ಕೆಟ್ಟಿರಬೇಕೆಂದೇನೂ ಇಲ್ಲ. ಎಳೆದ ಸ್ಥಿತಿಯನ್ನೇ ಆಧಾರವಾಗಿ ಹಿಡಿದು ಐಸೋಟ್ರೋಪಿಕ್ (ಎಲ್ಲ ದಿಕ್ಕಿಗೂ ಒಂದೇ ಗುಣ ಎನ್ನುವ) ನಿಯಮ ಹಚ್ಚಿದ್ದರಿಂದಲೇ ಲೆಕ್ಕ ತಪ್ಪಿರುವ ಸಾಧ್ಯತೆ ಹೆಚ್ಚು.

ಆಧಾರ ಸ್ಥಿತಿ (ಲೆಕ್ಕ ಶುರುವಾಗುವ ಆಕಾರ) ಬದಲಾದರೆ ವಸ್ತುವಿನ ಸಮಮಿತಿ ಗುಂಪೂ, ಅಂದರೆ ಅದರ ವರ್ತನೆಯನ್ನು ಬದಲಿಸದ ತಿರುವು ಮೊದಲಾದ ಮಾರ್ಪಾಡುಗಳ ಸಮೂಹವೂ, ಬದಲಾಗಬಹುದು. ಈ ಬದಲಾವಣೆಯನ್ನು ಹೇಳುವ ನೋಲ್ ನಿಯಮದ ಪ್ರಕಾರ, ಹಳೆಯ ಗುಂಪಿನ ಪ್ರತಿ ಮ್ಯಾಟ್ರಿಕ್ಸನ್ನು ಎಡಕ್ಕೆ ಎಳೆತದ ಮ್ಯಾಟ್ರಿಕ್ಸಿನಿಂದಲೂ ಬಲಕ್ಕೆ ಅದರ ವಿಲೋಮದಿಂದಲೂ ಗುಣಿಸಬೇಕು. ನಿಮ್ಮ ಹಾಳೆ ಉದ್ದಕ್ಕೆ 1.3 ಪಟ್ಟು ಹಿಗ್ಗಿದಾಗ, ಘನಗಾತ್ರ ಬದಲಾಗದೆ ಅಗಲ, ದಪ್ಪ ಎರಡೂ ಸಮನಾಗಿ ಕುಗ್ಗಿದರೆ, ಅಗಲ ಸುಮಾರು 0.877 ಪಟ್ಟಿಗೆ ಇಳಿಯುತ್ತದೆ. ಆಗ ಹಾಳೆಯ ಸಮತಲದಲ್ಲಿ 90 ಡಿಗ್ರಿಯ ತಿರುವಿನ ಮ್ಯಾಟ್ರಿಕ್ಸಿನಲ್ಲಿ 1 ಇದ್ದ ಜಾಗಗಳಲ್ಲಿ, ಚಿಹ್ನೆ ಬಿಟ್ಟು ನೋಡಿದರೆ, 1.48 ಮತ್ತು 0.67 ಬರುತ್ತವೆ, ಅಂದರೆ ಅದು ತಿರುವಾಗಿಯೇ ಉಳಿಯುವುದಿಲ್ಲ, ಹಾಗಾಗಿ ಎಳೆದ ಸ್ಥಿತಿಗೆ ಐಸೋಟ್ರೋಪಿಕ್ ನಿಯಮ ಒಗ್ಗದು. ಎಳೆದ ಅಕ್ಷದ ಸುತ್ತಲಿನ ತಿರುವುಗಳು, ಮತ್ತು ಅದಕ್ಕೆ ಲಂಬವಾದ ಅಕ್ಷಗಳ ಸುತ್ತ 180 ಡಿಗ್ರಿಯ ತಿರುವುಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ.

ಮೊದಲು, ಎಂದೂ ಎಳೆಯದ ಹಾಳೆಯಿಂದ 0, 45, 90 ಡಿಗ್ರಿಗೆ ಪಟ್ಟಿಗಳನ್ನು ಕತ್ತರಿಸಿ ಸ್ವಲ್ಪವೇ ಎಳೆದು ನೋಡಿ. ಮೂರೂ ಒಂದೇ ಬಿಗುವು ತೋರಿದರೆ ಮಾಲು ಸರಿಯಿದೆ. ಬೇರೆಯಾದರೆ ರಬ್ಬರನ್ನು ಒತ್ತಿ ಹಾಳೆ ಮಾಡುವ ಕ್ಯಾಲೆಂಡರ್ ರೋಲರಿನಲ್ಲೇ ಮಾಲಿಗೆ ದಿಕ್ಕಿಗೊಂದು ಗುಣ ಬಂದಿರಬಹುದು, ನೀವು ಕೊಟ್ಟ ಅಂಕಿಗಳಿಂದ ಮಾತ್ರ ಅದನ್ನು ಖಚಿತವಾಗಿ ಹೇಳಲಾಗದು. ಮಾಲು ಸರಿಯಿದ್ದರೆ, ಸಾಫ್ಟ್‌ವೇರಿನಲ್ಲಿ ಎಳೆಯದ ಆಕಾರವನ್ನೇ ಕೊಟ್ಟು, ಶೇ. 30ರ ಎಳೆತವನ್ನು ಮೊದಲ ಹಂತದ ಭಾರವಾಗಿಯೂ ನಿಮ್ಮ ಪರೀಕ್ಷೆಯ ಭಾರವನ್ನು ಎರಡನೆಯದಾಗಿಯೂ ಹಾಕಿ, ದೊಡ್ಡ ವಿರೂಪದ ಆಯ್ಕೆಯನ್ನು ತೆರೆದಿಟ್ಟು ಲೆಕ್ಕ ಓಡಿಸಿ.