ನಡುಕ ಹತೋಟಿಯಲ್ಲಿದೆ, ಬೀಳುವುದು ಮಾತ್ರ ನಿಂತಿಲ್ಲ

ಪ್ರಶ್ನೆ: ನನ್ನ ಯಜಮಾನರಿಗೆ 71 ವರ್ಷ, ನಿವೃತ್ತ ಶಾಲಾ ಮಾಸ್ತರು. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೈನಡುಕ ಈಗ ಅಷ್ಟಾಗಿ ಇಲ್ಲ. ಆದರೆ ರಾತ್ರಿ ಮೂತ್ರಕ್ಕೆ ಎದ್ದಾಗ, ತಿಂಡಿ ತಿಂದು ಮೇಲೇಳುವಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಔಷಧಿ ಅಂಗಡಿಯವರು ತಲೆಸುತ್ತಿಗೆಂದು ಸಿನ್ನರಿಜಿನ್ ಕೊಟ್ಟಿದ್ದಾರೆ. ಮಲಬದ್ಧತೆ ಇದೆ. ನಿದ್ದೆಯಲ್ಲಿ ಕೂಗಿ ಕೈ ಬೀಸುತ್ತಾರೆ. ಎಲ್ಲರೂ ವಯಸ್ಸಾಯಿತು ಎನ್ನುತ್ತಾರೆ. ಊರುಗೋಲು ಕೊಡಿಸಿದರೆ ಸಾಕೇ?
– ಹೆಸರು ಬೇಡ, ಶಿರಸಿ

ಉತ್ತರ: ಊರುಗೋಲು ಆಮೇಲೆ. ಮೊದಲು ಆ ತಲೆಸುತ್ತಿನ ಮಾತ್ರೆಯ ಬಗ್ಗೆ ನಾಳೆಯೇ ನಿಮ್ಮ ನರರೋಗ ತಜ್ಞರಿಗೆ ಫೋನ್ ಮಾಡಿ. ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಡಿಮೆಯಾಗುವ, ಲೆವೊಡೋಪ ತುಂಬಿಕೊಡುವ ರಾಸಾಯನಿಕ ಡೋಪಮಿನ್. ಸಿನ್ನರಿಜಿನ್ ಅದರ ಕೆಲಸಕ್ಕೇ ಅಡ್ಡ ಬರುತ್ತದೆ. ಪಾರ್ಕಿನ್ಸನ್ ಇಲ್ಲದವರಿಗೂ ಬಹುಕಾಲ ನುಂಗಿದರೆ ನಡುಕ, ಬಿಗಿತ ತರಿಸಬಲ್ಲದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಇದೇ ಜಾತಿಯದು. ಕೌಂಟರಿನಾಚೆ ನಿಂತವರಿಗೆ ತಲೆಸುತ್ತೆಂದರೆ ಇದೊಂದೇ ಮದ್ದು ನೆನಪಾಗುವುದು ನನಗೆ ಹಳೆಯ ಸಿಟ್ಟು.

ಎದ್ದಾಗಲೇ ಕಣ್ಣು ಕತ್ತಲೆ ಬರುತ್ತದೆ ಎಂದಿರಿ. ನನ್ನ ಅನುಮಾನ ರಕ್ತದೊತ್ತಡದ ಮೇಲೆ. ನಾವು ನಿಂತೊಡನೆ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳನ್ನೂ ಈ ಕಾಯಿಲೆ ತಟ್ಟುತ್ತದೆ. ಲೆವೊಡೋಪ, ಹಿಂದಿನಿಂದ ನುಂಗುತ್ತಿರುವ ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಇವು ಒತ್ತಡವನ್ನು ಇನ್ನಷ್ಟು ಇಳಿಸಬಹುದು. ಊಟವಾದ ಮೇಲೆ ರಕ್ತ ಹೊಟ್ಟೆಯ ಕಡೆ ಹೋಗುವುದರಿಂದ ತಿಂಡಿಯ ನಂತರವೂ ಬೀಳುತ್ತಾರೆ. ಕುರ್ಚಿಯಲ್ಲಿ ಕೂರಿಸಿ ಒಮ್ಮೆ ಬಿಪಿ ನೋಡಿ ಚೀಟಿ ಬರೆದರೆ ಇದು ಸಿಕ್ಕುವುದಿಲ್ಲ. ಐದು ನಿಮಿಷ ಮಲಗಿಸಿ ಅಳೆಯಿರಿ. ಎಬ್ಬಿಸಿ, ಒಬ್ಬರು ಪಕ್ಕದಲ್ಲಿ ಹಿಡಿದುಕೊಂಡು, ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಅಂಕಿಗಳನ್ನು ಬರೆದು ವೈದ್ಯರ ಮುಂದಿಡಿ. ಯಾವ ಮಾತ್ರೆ ಕಡಿಮೆ ಮಾಡಬೇಕೆಂದು ಅವರು ಹೇಳಲಿ. ಲೆವೊಡೋಪವನ್ನಂತೂ ನೀವಾಗಿ ನಿಲ್ಲಿಸಬೇಡಿ; ತಟ್ಟನೆ ನಿಲ್ಲಿಸುವುದು ಅಪಾಯ.

ಅಲ್ಲಿಯವರೆಗೆ ಮಂಚದ ತಲೆಯ ಕಡೆಯ ಕಾಲುಗಳಿಗೆ ಅರ್ಧ ಅಡಿ ಎತ್ತರದ ಮರದ ತುಂಡು ಕೊಡಿ. ದಿಂಬು ಏರಿಸಿದರೆ ಆಗದು. ರಾತ್ರಿ ಮೂತ್ರಕ್ಕೆ ಏಳುವುದೂ ಇದರಿಂದ ಕಡಿಮೆಯಾಗಬಹುದು. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಬೆಳಿಗ್ಗೆ ಏಳುವ ಮೊದಲು ಎರಡು ಲೋಟ ನೀರು ಕುಡಿಯಲಿ. ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಕಾಲು ಆಡಿಸಿ ಏಳಲಿ. ನಿಮ್ಮ ಕಡೆಯ ಹಳೆಯ ಮನೆಗಳಲ್ಲಿ ಶೌಚಾಲಯಕ್ಕೆ ಹೊಸ್ತಿಲು ದಾಟಿ ಅಂಗಳಕ್ಕೆ ಹೋಗಬೇಕು, ಮಳೆಗಾಲದಲ್ಲಿ ಅಲ್ಲಿ ಪಾಚಿ ಬೇರೆ. ರಾತ್ರಿಗೆ ಮಂಚದ ಬಳಿಯೇ ಮೂತ್ರದ ಪಾತ್ರೆ ಇಡಿ. ಮಾಸ್ತರು ನಾಚಿಕೆಪಟ್ಟುಕೊಂಡರೆ ಸೊಂಟದ ಮೂಳೆ ಮುರಿತದ ಬೆಲೆ ಹೇಳಿ.

ಮಲಬದ್ಧತೆ, ನಿದ್ದೆಗೇಡು ವಯಸ್ಸಿನದಷ್ಟೇ ಅಲ್ಲ. 1817ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದ ಜೇಮ್ಸ್ ಪಾರ್ಕಿನ್ಸನ್ ಎರಡನ್ನೂ ಗಮನಿಸಿದ್ದರು. ಇವು ನಡುಕಕ್ಕಿಂತ ವರ್ಷಗಳ ಮೊದಲೇ ಶುರುವಾಗುವುದುಂಟು. ನೆನಪಿಸಿಕೊಂಡು ನೋಡಿ, ನಿಮಗೂ ಹಾಗೆನ್ನಿಸಬಹುದು. ಹೊಟ್ಟೆ ನಿಧಾನವಾದರೆ ಮಾತ್ರೆಯೂ ತಡವಾಗಿ ಕೆಲಸ ಮಾಡುತ್ತದೆ, ಕಾಲು ಅಂಟಿಕೊಂಡಂತೆ ಆಗುತ್ತದೆ. ಆದ್ದರಿಂದ ಮಲಬದ್ಧತೆಗೆ ಚಿಕಿತ್ಸೆ ಕೇಳಿ ಪಡೆಯಿರಿ. ಕನಸಿನಲ್ಲಿ ಸ್ನಾಯುಗಳು ಸಡಿಲವಾಗಿರಬೇಕು. ಇವರಲ್ಲಿ ಅದು ತಪ್ಪಿರಬಹುದು, ಅದಕ್ಕೇ ಕೈ ಬೀಸುವುದು. ಮಂಚದ ಬಳಿಯ ಗಾಜು, ಸ್ಟೀಲ್ ಸಾಮಾನು ತೆಗೆದಿಡಿ. ನೀವು ಬೇರೆ ಹಾಸಿಗೆಯಲ್ಲಿ ಮಲಗಿದರೆ ತಪ್ಪೇನಿಲ್ಲ.

ಊರುಗೋಲು ಬೇಕೇ, ಯಾವುದು ಎಂಬುದನ್ನು ನಿಮ್ಮ ಯಜಮಾನರ ನಡಿಗೆ ನೋಡಿ ಫಿಸಿಯೋಥೆರಪಿಸ್ಟ್ ಹೇಳಲಿ. ಬಿದ್ದು ತಲೆಗೆ ಪೆಟ್ಟಾದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು ಮಾತು: ಯಾರಾದರೂ ನಸುಗುನ್ನಿ ಬೀಜದ ಪುಡಿ ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಅದರಲ್ಲಿರುವುದೂ ಲೆವೊಡೋಪವೇ.