ಬೆನೆಟ್ ನನಗೆ ಸಿಕ್ಕಿದ್ದು ಆರನೇ ಪುಟದಲ್ಲಿ

ಆತ್ಮೀಯರೇ, ನಮಸ್ಕಾರ.

ಕೆನಡಾದ ಪ್ರಧಾನಿಯಾಗಿದ್ದ ವಕೀಲ ರಿಚರ್ಡ್ ಬೆಡ್‌ಫರ್ಡ್ ಬೆನೆಟ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಲೇಖನವೂ ಅಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ನೇರವಾಗಿ ಹೇಳುತ್ತೇನೆ. ನಿಮ್ಮ ಮೊದಲ ಐದು ಪುಟಗಳಲ್ಲಿ ಬೆನೆಟ್ ಇಲ್ಲ, ಅವರ ಹುದ್ದೆಗಳಿವೆ. 1870ರ ಜುಲೈ 3ರಂದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಹೋಪ್‌ವೆಲ್ ಹಿಲ್‌ನಲ್ಲಿ ಜನನ, 1893ರಲ್ಲಿ ಡಾಲ್‌ಹೌಸಿಯಲ್ಲಿ ಕಾನೂನು ಪದವಿ, 1897ರಲ್ಲಿ ಕ್ಯಾಲ್ಗರಿಗೆ, 1911ರಲ್ಲಿ ಸಂಸತ್ತಿಗೆ, 1927ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕ, 1930ರಲ್ಲಿ ಪ್ರಧಾನಿ. ಒಂದು ಇಸವಿಯೂ ತಪ್ಪಿಲ್ಲ, ಅದಕ್ಕೆ ಮೆಚ್ಚುಗೆಯಿದೆ. ಆದರೆ ಓದುವಾಗ ಕಚೇರಿಯ ಗೋಡೆಗೆ ಹೊಡೆದ ಫಲಕ ಓದಿದ ಹಾಗಾಯಿತು.

ಆಮೇಲೆ ಆರನೇ ಪುಟ ಬಂತು. ಅಲ್ಲಿ ನೀವು ಬರೆದಿದ್ದೀರಿ: 'ಸಹಾಯ ಕೋರಿ ಪತ್ರ ಬರೆದ ಬಡವರಿಗೆ ಅವರು ಸ್ವಂತ ಹಣ ಕಳುಹಿಸುತ್ತಿದ್ದರು ಎಂಬುದು ಗಮನಾರ್ಹ.' ಇಷ್ಟೇ, ಒಂದೇ ಸಾಲು. ಮುಂದಿನ ಸಾಲಿನಲ್ಲಿ ಸುಂಕದ ನೀತಿ ಶುರು. ನಾನು ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಗಮನಾರ್ಹ ಅಂದ ಮೇಲೆ ಸ್ವಲ್ಪ ನಿಂತು ಗಮನಿಸಬೇಕು, ಅಲ್ವಾ?

ಆ ಪತ್ರಗಳಲ್ಲಿ ಒಂದನ್ನು ನೀವೂ ಓದಿರುತ್ತೀರಿ. 1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಕೆನಡಾದ ಸಸ್ಕಾಚೆವಾನ್‌ನ ಒಬ್ಬ ರೈತ ಮಹಿಳೆ ಪ್ರಧಾನಿಗೆ ಬರೆದದ್ದು. ಮೂರು ವರ್ಷದಿಂದ ಬೆಳೆ ಸರಿಯಾಗಿಲ್ಲ. ಗಂಡನಿಗೆ ವಯಸ್ಸು ಅರವತ್ತು ದಾಟಿದೆ, ತೋಳು-ಭುಜಗಳಲ್ಲಿ ನರದ ನೋವು. ಆದರೂ 34 ಮೈಲಿ ದೂರದಿಂದ ಗಾಡಿಯಲ್ಲಿ ಸೌದೆ ತರುತ್ತಾರೆ. ಹೋಗಿ ಬರಲು ಎರಡು ದಿನ ಬೇಕು. ಒಮ್ಮೊಮ್ಮೆ ರಾತ್ರಿ ಗಾಡಿಯ ಕೆಳಗೇ ಮಲಗುತ್ತಾರೆ. ಅವರ ಹಳೆಯ ಒಳಉಡುಪಿಗೆ ಎರಡು ವರ್ಷದಿಂದ ತೇಪೆ ಹಾಕಿ ಹಾಕಿ ಈಗ ಅದು ಪೂರ್ತಿ ಹೋಗಿದೆ. ದಯವಿಟ್ಟು ಚಳಿಗೆ ದಪ್ಪನೆಯದೊಂದು ಜೊತೆ ತರಿಸಿಕೊಡಿ ಎಂದು ಆಕೆ ಕೇಳುತ್ತಾರೆ. ಪತ್ರದ ಜೊತೆಗೆ, ಅಂಚೆಯಲ್ಲಿ ಸಾಮಾನು ಕಳಿಸುವ ಈಟನ್ಸ್ ಅಂಗಡಿಯ ಆರ್ಡರ್ ಫಾರಂ ತುಂಬಿಸಿ ಇಟ್ಟಿದ್ದಾರೆ. ಬೆನೆಟ್ ಒಳಉಡುಪು ಕಳಿಸುವ ಏರ್ಪಾಡು ಮಾಡಿದರು.

ಆ ತುಂಬಿಸಿದ ಫಾರಂ ನೋಡಿ. ಭಿಕ್ಷೆ ಕೇಳುವವರು ಫಾರಂ ತುಂಬಿಸುವುದಿಲ್ಲ. ಅಂಗಡಿಯಿಂದ ದುಡ್ಡು ಕೊಟ್ಟೇ ತರಿಸಿಕೊಂಡು ಬದುಕಿದ ಮನೆ ಅದು. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು. ಜನನದಿಂದ ಅಲ್ಲ.

ಈಗ ಇನ್ನೊಂದು ಬದಿ. ಅದೇ ಬೆನೆಟ್ ಸರ್ಕಾರ 1932ರಲ್ಲಿ ಕೆಲಸವಿಲ್ಲದ ಒಂಟಿ ಗಂಡಸರಿಗಾಗಿ ಶಿಬಿರಗಳನ್ನು ತೆರೆಯಿತು. ನೀವು ಇವನ್ನು 'ಪರಿಹಾರ ಶಿಬಿರ' ಎಂದು ಅನುವಾದಿಸಿದ್ದೀರಿ. ನಮ್ಮ ಓದುಗರು ಆ ಪದ ಕಂಡ ತಕ್ಷಣ ನೆರೆ ಬಂದಾಗ ಶಾಲೆಯಲ್ಲಿ ತೆರೆಯುವ ಗಂಜಿ ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಇವು ಅಂಥವಲ್ಲ. ಊರಿಂದ ದೂರ, ರಕ್ಷಣಾ ಇಲಾಖೆಯ ಕೈಕೆಳಗೆ, ರಸ್ತೆ ಮಾಡುವ, ಕಾಡು ಕಡಿಯುವ ಕೆಲಸ. ಊಟ, ಮಲಗಲು ಜಾಗ, ದಿನಕ್ಕೆ 20 ಸೆಂಟ್. 'ನಿರುದ್ಯೋಗಿಗಳ ಕೆಲಸದ ಶಿಬಿರ' ಅನ್ನಿ, ಆ 20 ಸೆಂಟನ್ನು ಅದೇ ಸಾಲಿನಲ್ಲಿ ಹೇಳಿ.

1935ರಲ್ಲಿ ಈ ಶಿಬಿರದ ಹುಡುಗರು ಸರಿಯಾದ ಕೂಲಿ ಬೇಕೆಂದು ಮುಷ್ಕರ ಹೂಡಿದರು. ಜೂನ್‌ನಲ್ಲಿ ವ್ಯಾಂಕೂವರ್‌ನಿಂದ ಗೂಡ್ಸ್ ರೈಲುಗಳನ್ನು ಹತ್ತಿ ರಾಜಧಾನಿ ಒಟ್ಟಾವಾಕ್ಕೆ ಹೊರಟರು. ಸರ್ಕಾರ ಅವರನ್ನು ರೆಜೈನಾದಲ್ಲಿ ತಡೆಯಿತು. ಎಂಟು ಮುಖಂಡರಿಗೆ ಮಾತ್ರ ಪ್ರಧಾನಿಯನ್ನು ಕಾಣಲು ಅವಕಾಶ ಸಿಕ್ಕಿತು. ಜೂನ್ 22ರ ಆ ಭೇಟಿ ಕೂಗಾಟದಲ್ಲಿ ಮುಗಿಯಿತು. ಬೆನೆಟ್ ಮುಷ್ಕರಗಾರರ ನಾಯಕ ಆರ್ಥರ್ ಎವಾನ್ಸ್‌ಗೆ ಹಳೆಯ ಜೈಲುವಾಸವನ್ನು ಎತ್ತಿ ಆಡಿದರು. ಎವಾನ್ಸ್ ಪ್ರಧಾನಿಯನ್ನು ಮುಖದ ಮೇಲೇ ಸುಳ್ಳುಗಾರ ಅಂದರು. ಜುಲೈ 1ರ ಸಂಜೆ ರೆಜೈನಾದ ಮಾರುಕಟ್ಟೆ ಚೌಕದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ನುಗ್ಗಿದರು. ಆ ಗಲಭೆಯಲ್ಲಿ ಒಬ್ಬ ಪೊಲೀಸ್ ಸತ್ತರು. ಗಾಯಗೊಂಡ ಒಬ್ಬ ಮುಷ್ಕರಗಾರ ಆಮೇಲೆ ತೀರಿಕೊಂಡರು. ನಿಮ್ಮ ಲೇಖನದಲ್ಲಿ ಇದೆಲ್ಲ 'ಕೆಲವು ಅಹಿತಕರ ಘಟನೆಗಳು' ಆಗಿಬಿಟ್ಟಿದೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಕೇಳುತ್ತಿರುವುದು ಇಷ್ಟು. ಒಳಉಡುಪು ಕಳಿಸಿದ ಕೈ, ರೈಲು ತಡೆಯಲು ಹೇಳಿದ ಕೈ ಎರಡೂ ಒಬ್ಬರದೇ. ಈ ಎರಡನ್ನೂ ಒಂದೇ ಲೇಖನದಲ್ಲಿ ಪಕ್ಕಪಕ್ಕ ಇಡಿ. ಒಂದರಿಂದ ಇನ್ನೊಂದನ್ನು ಮುಚ್ಚಬೇಡಿ. 'ಮೂಲತಃ ಮೃದು ಹೃದಯಿ' ಎಂಬ ನಿಮ್ಮ ಮಾತು ಮುಚ್ಚುವ ಕೆಲಸವನ್ನೇ ಮಾಡುತ್ತಿದೆ. ಹೆಸರು ಹಿಡಿದು ಬರೆದ ಒಬ್ಬ ವ್ಯಕ್ತಿಯ ಕಷ್ಟ ಅವರಿಗೆ ಕಾಣುತ್ತಿತ್ತು. ಅದೇ ಕಷ್ಟವನ್ನು ಸಾವಿರ ಜನ ಒಟ್ಟಾಗಿ ಬಂದು ಹೇಳಿದರೆ ಅದು ಅವರಿಗೆ ದಂಗೆಯಾಗಿ ಕಾಣುತ್ತಿತ್ತು. ನನಗೆ ಹಾಗನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಿದರೆ ಅದನ್ನೇ ಬರೆಯಿರಿ, ಜಗಳವಿಲ್ಲ. ಆದರೆ ಏನಾದರೂ ಅನ್ನಿಸಿರಬೇಕು.

ಹಾಗಾದರೆ ಬಾಲ್ಯ ಬೇಡವೇ? ಬೇಕು, ಆದರೆ ಕೆಲಸಕ್ಕೆ ಬರುವಷ್ಟು. ಅವರದು ಹಡಗು ಕಟ್ಟುವ ಮನೆತನ. ಮರದ ಹಡಗುಗಳ ಕಾಲ ಮುಗಿದಾಗ ಮನೆ ಬಡವಾಯಿತು. ತಾಯಿ ಮೆಥಡಿಸ್ಟ್ ಪಂಥದ ಕಟ್ಟುನಿಟ್ಟಿನ ಕ್ರೈಸ್ತರು, ಪೈಸೆ ಪೈಸೆ ಎಣಿಸುವವರು. ಮಗ ಮೇಷ್ಟರ ಕೆಲಸ ಮಾಡಿ ದುಡ್ಡು ಕೂಡಿಸಿ ಕಾನೂನು ಓದಿದರು. ಕುಡಿತವಿಲ್ಲ, ಸಿಗರೇಟಿಲ್ಲ, ಮದುವೆಯೂ ಇಲ್ಲ. ಕ್ಯಾಲ್ಗರಿಯಲ್ಲಿ ಸೆನೆಟರ್ ಜೇಮ್ಸ್ ಲೋಹೀಡ್ ಅವರ ಪಾಲುದಾರರಾಗಿ ಕೆನಡಿಯನ್ ಪೆಸಿಫಿಕ್ ರೈಲ್ವೆಯಂಥ ಕಕ್ಷಿದಾರರಿಗೆ ವಾದ ಮಾಡಿ ಶ್ರೀಮಂತರಾದರು. ಆಮೇಲೆ ಎಡ್ಡಿ ಬೆಂಕಿಪೆಟ್ಟಿಗೆ ಕಂಪನಿಯ ಷೇರುಗಳೂ ಬಂದವು. ಪ್ರಧಾನಿಯಾಗಿದ್ದಾಗ ಒಟ್ಟಾವಾದ ದೊಡ್ಡ ಹೋಟೆಲಿನ ಕೋಣೆಗಳಲ್ಲೇ ವಾಸ. ತೇಪೆಯ ಪತ್ರವನ್ನು ಅಂಥ ಬದುಕಿನ ಮನುಷ್ಯ ಓದಿದರು. ತಾನು ದುಡಿದು ಮೇಲೆ ಬಂದೆ, ನೀವೂ ಬನ್ನಿ ಎನ್ನುವ ಸ್ವಭಾವ ಎಲ್ಲಿಂದ ಬಂತು ಎಂದು ಓದುಗರಿಗೆ ಈ ನಾಲ್ಕು ಸಾಲಲ್ಲಿ ಗೊತ್ತಾಗುತ್ತದೆ. 1921ರಲ್ಲಿ ಬರೀ 16 ಮತಗಳಿಂದ ಸೋತದ್ದನ್ನು ಹೇಳಿ ಮುಂದೆ ಹೋಗಿ. 1932ರ ಒಟ್ಟಾವಾ ಆರ್ಥಿಕ ಸಮ್ಮೇಳನಕ್ಕೆ ಭಾರತದ ನಿಯೋಗವೂ ಹೋಗಿತ್ತು ಅನ್ನುವುದಕ್ಕೆ ನೀವು ಒಂದೂವರೆ ಪುಟ ಕೊಟ್ಟಿದ್ದೀರಿ. ನಮ್ಮ ಓದುಗರಿಗೆ ಹತ್ತಿರವಾಗಲಿ ಅಂತ ಮಾಡಿದ್ದು, ಅರ್ಥವಾಗುತ್ತದೆ. ಆದರೂ ಎರಡು ಸಾಲು ಸಾಕು.

'ಬೆನೆಟ್ ಕುದುರೆ ಗಾಡಿ' ಎಂದು ಬರೆದಿರುವಲ್ಲಿ ಇಡೀ ಚಿತ್ರವೇ ತಪ್ಪಿಹೋಗಿದೆ. ಇಂಗ್ಲಿಷಿನಲ್ಲಿ 'ಬೆನೆಟ್ ಬಗ್ಗಿ' ಎಂದರೆ ಕುದುರೆ ಗಾಡಿಯಲ್ಲ, ಕಾರು. ಪೆಟ್ರೋಲಿಗೆ ದುಡ್ಡಿಲ್ಲದ ರೈತರು ತಮ್ಮ ಕಾರಿನ ಎಂಜಿನ್ ಬಿಚ್ಚಿಟ್ಟು ಮುಂದೆ ಕುದುರೆ ಕಟ್ಟಿದರು. ಮನೆ ಮುಂದೆ ಕಾರಿದೆ, ಅದನ್ನು ಕುದುರೆ ಎಳೆಯುತ್ತಿದೆ, ಅದಕ್ಕೆ ಪ್ರಧಾನಿಯ ಹೆಸರು. ಐದು ವರ್ಷದ ಆಡಳಿತ ಜನರಿಗೆ ಹೇಗೆ ಕಂಡಿತು ಎಂದು ಹೇಳಲು ಇದಕ್ಕಿಂತ ಬೇರೆ ಪ್ಯಾರಾ ಬೇಡ. ಆದ್ದರಿಂದ 1935ರ ಅಕ್ಟೋಬರ್‌ನಲ್ಲಿ 245 ಸ್ಥಾನಗಳಲ್ಲಿ ಪಕ್ಷ 40ರ ಆಸುಪಾಸಿಗೆ ಇಳಿದದ್ದಕ್ಕೆ 'ಜನರ ಕೃತಘ್ನತೆ' ಕಾರಣ ಎಂಬ ನಿಮ್ಮ ಮಾತನ್ನು ತೆಗೆದುಹಾಕಿದ್ದೇನೆ. ಆ ಜನ ಯಾರಿಗೂ ಋಣಿಯಾಗಿರಲಿಲ್ಲ.

ಅವರು ವಕೀಲರು ಎಂಬುದನ್ನು ನೀವು ಕೊನೆಗೆ ಮರೆತೇಬಿಟ್ಟಿದ್ದೀರಿ. 1935ರ ಜನವರಿಯಲ್ಲಿ ರೇಡಿಯೊ ಭಾಷಣಗಳಲ್ಲಿ ಬೆನೆಟ್ ದಿಕ್ಕನ್ನೇ ಬದಲಿಸಿದರು. ಕನಿಷ್ಠ ಕೂಲಿ, ವಾರದ ರಜೆ, ನಿರುದ್ಯೋಗ ವಿಮೆ ತರುತ್ತೇನೆ ಎಂದರು, ಕಾಯ್ದೆಗಳನ್ನೂ ಮಾಡಿದರು. ಆದರೆ 1867ರ ಸಂವಿಧಾನ ಕಾಯ್ದೆಯ ಪ್ರಕಾರ ಇಂಥ ವಿಷಯ ಪ್ರಾಂತ್ಯಗಳಿಗೆ ಸೇರಿದ್ದು. 1937ರಲ್ಲಿ, ಆಗ ಕೆನಡಾದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವುಗಳಲ್ಲಿ ಮುಖ್ಯವಾದ ಹಲವನ್ನು ರದ್ದು ಮಾಡಿತು. ಜೀವನವಿಡೀ ಕೋರ್ಟಿನಲ್ಲಿ ಗೆದ್ದವರ ದೊಡ್ಡ ಕಾನೂನುಗಳು ಕೋರ್ಟಿನಲ್ಲೇ ಬಿದ್ದವು. ಇಲ್ಲಿ ನಿಧಾನಿಸಿ. ಹಾಗೆಯೇ ಅವರ ಕಾಲದಲ್ಲಿ ಹುಟ್ಟಿದ ದೇಶದ ಕೇಂದ್ರ ಬ್ಯಾಂಕು, ಬ್ಯಾಂಕ್ ಆಫ್ ಕೆನಡಾ, ಈಗಲೂ ಇದೆ, ಅದನ್ನೂ ಬಿಡಬೇಡಿ.

ಭಾಷೆಯ ಬಗ್ಗೆ ಒಂದೇ ಮಾತು. 'ಬೆನೆಟ್ ಬಿರುಗಾಳಿಯ ಕಣ್ಣಿನಲ್ಲಿ ತಮ್ಮನ್ನು ತಾವು ಕಂಡುಕೊಂಡರು' ಎಂದು ಬರೆದಿದ್ದೀರಿ. ಇದನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿದರೆ ಏನಂದಾರು? ನಾನಾದರೆ 'ಬೆನೆಟ್ ಗಾದಿಗೆ ಬಂದ ಹೊತ್ತೇ ಕೆಟ್ಟದಾಗಿತ್ತು' ಅನ್ನುತ್ತೇನೆ. ಇಂಥ ಹನ್ನೆರಡು ಕಡೆ ಕೆಂಪು ಗೆರೆ ಎಳೆದಿದ್ದೇನೆ. ಪ್ರತಿಯೊಂದನ್ನೂ ಜೋರಾಗಿ ಓದಿ, ಬಾಯಿಗೆ ಒಗ್ಗುವವರೆಗೂ ಬದಲಿಸಿ.

'ಕೊನೆಯುಸಿರೆಳೆದರು, ಅವರ ಆದರ್ಶ ಅಮರ' ಎಂದು ಮುಗಿಸಬೇಡಿ. ನಿಮ್ಮ ಟಿಪ್ಪಣಿಯಲ್ಲೇ ಒಳ್ಳೆಯ ಕೊನೆ ಇದೆ. ಕೆನಡಾದಲ್ಲೇ ಇರುವ ಚಾಥಮ್ ಎಂಬ ಸಣ್ಣ ಊರಿನ ಮೊದಲ ಚುನಾವಣೆಯಲ್ಲಿ ಬೆನೆಟ್ ಪರ ಓಡಾಡಿದ ಹುಡುಗ ಮ್ಯಾಕ್ಸ್ ಏಟ್ಕಿನ್ ಮುಂದೆ ಇಂಗ್ಲೆಂಡಿನಲ್ಲಿ ಪತ್ರಿಕೆಗಳ ಒಡೆಯ ಲಾರ್ಡ್ ಬೀವರ್‌ಬ್ರೂಕ್ ಆದರು. 1939ರಲ್ಲಿ ಬೆನೆಟ್ ಕೆನಡಾ ಬಿಟ್ಟು ಅದೇ ಗೆಳೆಯನ ಪಕ್ಕದಲ್ಲಿ, ಸರ‍್ರೆಯ ಮಿಕಲ್‌ಹ್ಯಾಮ್‌ನಲ್ಲಿ ಮನೆ ಮಾಡಿದರು. 1947ರ ಜೂನ್‌ನಲ್ಲಿ ಸ್ನಾನದ ತೊಟ್ಟಿಯಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಅಲ್ಲಿನ ಚರ್ಚಿನ ಅಂಗಳದಲ್ಲಿ ಸಮಾಧಿ. ತೀರಿಕೊಂಡ ಕೆನಡಾದ ಪ್ರಧಾನಿಗಳ ಪೈಕಿ ಸ್ವಂತ ದೇಶದ ಮಣ್ಣಿನಲ್ಲಿ ಸಮಾಧಿಯಾಗದವರು ಇವರೊಬ್ಬರೇ. ಅಲ್ಲಿಗೆ ನಿಲ್ಲಿಸಿ.

ಹೊಸ ಪ್ರತಿ 1,800 ಪದ ಮೀರದಿರಲಿ. ಅವಸರವಿಲ್ಲ, ಆದರೆ ಬಿಡಲೂ ಬೇಡಿ. ಬಂದ ವಾರದಲ್ಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ